ಹೊರಗೆ ಒಯ್ಯುವಂತಿಲ್ಲ

ಹಸಿವಿದ್ದರೂ ನಾಲ್ವರ ಮುಂದೆ ಹಸಿವಿಲ್ಲದವನಂತೆ ನಟಿಸುವುದು ನಮ್ಮ ಕಡೆಯ ಹಳೆಯ ಸಂಭಾವಿತತನ. ಹಸಿವಿಲ್ಲದಿದ್ದರೂ ಹಸಿದವನಂತೆ ನಟಿಸಬೇಕಾದ ಸ್ಥಳವೊಂದುಂಟೆಂದು ನನಗೆ ಮೊನ್ನೆಯವರೆಗೆ ತಿಳಿದಿರಲಿಲ್ಲ. ಅದರ ಹೆಸರು ಬಫೆ.

ಮಗಳು ಪಿ.ಯು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಳು. ಪಿಜ್ಜಾ, ಬಫೆ ಎರಡೂ ದೊರೆಯುವ ಬೀದರಿನ ಹೋಟೆಲೊಂದಕ್ಕೆ ಎಲ್ಲರೂ ಹೋಗಬೇಕೆಂದು ಹಟ ಹಿಡಿದಳು. ಭಾಲ್ಕಿ ತಾಲ್ಲೂಕಿನ ಸಾಯಗಾಂವದಿಂದ ನನ್ನ ಅವ್ವನೂ ಬಂದಿದ್ದಳು. ಮೊಮ್ಮಗಳ ಸಂತೋಷಕ್ಕೆಂದು ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟು ಹೊರಟಳು. ತಲೆಗೆ ಇಷ್ಟೆಂದು ಐದು ತಲೆಗಳಿಗೆ ಹಣ ಕಟ್ಟಿದೆ. ಅವ್ವನ ಹೊಟ್ಟೆ ಅರ್ಧ ರೊಟ್ಟಿಯದು. ಆದರೆ ಹೋಟೆಲಿನವರು ಎಣಿಸುವುದು ತಲೆಯನ್ನೇ ಹೊರತು ಹೊಟ್ಟೆಯನ್ನಲ್ಲ.

ಸಾಲಾಗಿ ಇಟ್ಟ ಪಾತ್ರೆಗಳ ಕೆಳಗಿನ ದೀಪಗಳು ಆರಿದ್ದವು. ಅನ್ನ ತಣ್ಣಗಿತ್ತು, ಪಲ್ಯ ಅದಕ್ಕಿಂತ ತಣ್ಣಗಿತ್ತು. ಬಿಸಿಯಾಗಿದ್ದುದು ಕುಡಿಯುವ ನೀರೊಂದೇ. ಪಿಜ್ಜಾ ನೇಪಲ್ಸಿನ ಬಡವರ ತಿಂಡಿ. ಅದನ್ನು ಮಾಡುವ ಅಲ್ಲಿನ ಕಲೆಗೆ 2017ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆತಿದೆ. ಆ ಮನ್ನಣೆ ಬೀದರಿಗೆ ಬರುವ ದಾರಿಯಲ್ಲಿ ಎಲ್ಲಿಯೋ ಉಳಿದಿರಬೇಕು. ನಮ್ಮೆದುರಿಗೆ ಬಂದುದು ನಡುವೆ ಹಸಿಯಾಗಿ, ಅಂಚಿನಲ್ಲಿ ಕೆರದ ಅಟ್ಟೆಯಂತಿತ್ತು. ಮಗಳ ಮುಖ ಬಾಡಿತು. ಕೊಟ್ಟ ಹಣಕ್ಕೆ ಅನ್ಯಾಯವಾಗಬಾರದೆಂದು ನಾನು ಮಾತ್ರ ಮೂರನೆಯ ಸಲ ತಟ್ಟೆ ಹಿಡಿದು ನಿಂತೆ.

ಅಷ್ಟರಲ್ಲಿ ಅವ್ವ ಪಿಜ್ಜಾದ ಎರಡು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಬಡಿಸುವ ಹುಡುಗ ಅದನ್ನು ಕಂಡು, ಮೆಲ್ಲಗೆ, “ಆಯಿ, ಹೊರಗ ಒಯ್ಯೋಹಂಗಿಲ್ಲರಿ” ಎಂದು ಗೋಡೆಯ ಮೇಲಿನ ಫಲಕ ತೋರಿಸಿದ. ಅಕ್ಕಪಕ್ಕದವರು ತಿರುಗಿ ನೋಡಿದರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು!

ಹನ್ನೆರಡನೆಯ ಶತಮಾನದ ಕಲ್ಯಾಣದ ದಾಸೋಹವನ್ನು ಕುರಿತು ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡುವ ನಾನು ಆಗ ಏನೆಂದೆ ಬಲ್ಲಿರಾ? “ಅವ್ವಾ, ಅಲ್ಲೇ ಇಡು” ಎಂದೆ. ಹುಡುಗನಿಗಿಂತ ನನ್ನ ದನಿಯೇ ಗಡುಸಾಗಿತ್ತು.

ಅವ್ವ ಇಟ್ಟಳು. “ನಮ್ಮ ಎಮ್ಮಿ ಕಾಯೋ ಹುಡುಗಗ ಅಂತ ತಗೊಂಡಿದ್ದೆ, ತಮ್ಮಾ. ಅವನೂ ನೋಡಿಲ್ಲಲ್ಲ” ಎಂದಳು. ಆ ಎರಡು ತುಂಡುಗಳು ನಮ್ಮ ಎಂಜಲು ತಟ್ಟೆಗಳೊಡನೆ ಬಕೆಟ್ಟಿಗೆ ಬಿದ್ದವು. ಚೆಲ್ಲುವುದಕ್ಕೆ ಫಲಕದಲ್ಲಿ ಅಡ್ಡಿಯಿರಲಿಲ್ಲ.

ನಮ್ಮ ಕಡೆ ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಊಟ. ಕಾಳು, ಕಾಯಿಪಲ್ಲೆ, ಸೊಪ್ಪುಗಳೆಲ್ಲ ಕೂಡಿದ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿ. ಮೊದಲು ಹೊಲದ ತುಂಬ ಚರಗ ಚೆಲ್ಲಬೇಕು; ಭೂಮಿಗೆ, ಹಕ್ಕಿಗೆ ಅವುಗಳ ಪಾಲು ಸಂದಮೇಲೆ ಮನುಷ್ಯನ ಸರದಿ. ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆಯುತ್ತಾರೆ. ಬಾರದವನ ಪಾಲನ್ನು ಅವ್ವ ಬುತ್ತಿ ಕಟ್ಟಿ ಮನೆಗೆ ತರುತ್ತಿದ್ದಳು. ಹೋಟೆಲಿನಲ್ಲಿ ಅವಳು ಮಾಡಿದ್ದೂ ಅದನ್ನೇ. ಅದು ಕಳವಾಗಿ ಕಂಡದ್ದು ನನ್ನ ಕಣ್ಣಿಗೆ.

ಮನೆಗೆ ಬರುವವರೆಗೆ ಯಾರೂ ಮಾತನಾಡಲಿಲ್ಲ. ಮರುದಿನ ಮಧ್ಯಾಹ್ನ ಅವ್ವ ಊರಿಗೆ ಹೊರಟಾಗ, ಮಗಳು ತನ್ನ ಕೈಖರ್ಚಿನ ಹಣದಲ್ಲಿ ಬೇರೊಂದು ಅಂಗಡಿಯಿಂದ ಪಿಜ್ಜಾ ಕಟ್ಟಿಸಿ ತಂದು ಅವಳ ಚೀಲದಲ್ಲಿ ಇಟ್ಟಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನಂತೂ ಹೇಳಿಕೊಟ್ಟಿರಲಿಲ್ಲ. ಬಸ್ಸಿನ ಕಿಟಕಿಯ ಬಳಿ ನಿಂತು, “ಅವ್ವಾ, ನಿನ್ನೆ ನನ್ನದು ತಪ್ಪಾಯಿತು” ಎಂದೆ. “ಏನು?” ಎಂದಳು. ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ನಾನರಿಯೆ.

ರಾತ್ರಿ ಫೋನಿನಲ್ಲಿ ವರದಿ ಬಂತು. ಹುಡುಗ ಪೂರ್ತಿ ತಿಂದನಂತೆ. ತಿಂದು, “ಆಯಿ, ರೊಟ್ಟಿ ಇನ್ನಾ ಸ್ವಲ್ಪ ಸುಡಬೇಕಾಗಿತ್ತು” ಎಂದನಂತೆ.