ಕಣ್ಣಿನ ಜೋಡಿ ಖರೇ ಮಾತೂ ಕೊಡಬೇಕು

ಅಕ್ಕಾರ, ತಂಗ್ಯಾರ, ಮನ್ಯಾಗ ಯಾರಿಗೆ ಯಾವ ಗುಳಿಗಿ, ಮುಂಜಾನಿ ಎಷ್ಟು, ರಾತ್ರಿ ಎಷ್ಟು ಅನ್ನೂದು ಗಂಡಸರಿಗೆ ಗೊತ್ತಿರಂಗಿಲ್ಲ. ನಮಗ ಗೊತ್ತಿರತೈತಿ. ನೇತ್ರದಾನದಾಗ ಇದು ಭಾಳ ಉಪಯೋಗಕ್ಕ ಬರತೈತಿ ನೋಡ್ರಿ.

2021ರ ಅಕ್ಟೋಬರ್ 29ಕ್ಕ ಪುನೀತ್ ರಾಜಕುಮಾರ್ ತೀರಿಕೊಂಡಾಗ ನಾವೆಲ್ಲಾ ಟಿವಿ ಮುಂದ ಕುಂತು ಅತ್ತೇವಿ. ಅವರ ಕಣ್ಣು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕ ಕೊಟ್ರು. ಅವರ ತಂದಿ ಡಾ. ರಾಜಕುಮಾರ್ ಅವರ ಕಣ್ಣೂ 2006ರಾಗ ದಾನ ಆಗಿದ್ವು. ಕರಿಗುಡ್ಡಿ ಮ್ಯಾಲಿನ ಗಾಜಿನಂಥಾ ಪದರಕ್ಕ ಕಾರ್ನಿಯಾ ಅಂತಾರ. ಪುನೀತ್ ಅವರ ಎರಡು ಕಾರ್ನಿಯಾದಾಗ ಮುಂದಿನ ಪದರು, ಹಿಂದಿನ ಪದರು ಬ್ಯಾರೆ ಮಾಡಿ ನಾಲ್ಕು ಮಂದಿಗೆ ಹಾಕಿದ್ರು. ಅಂಚಿನಾಗ ಉಳಿದ ಕಾಂಡಕೋಶಗಳನ್ನ ಸಂಶೋಧನಾಕ್ಕ ಇಟ್ಕೊಂಡ್ರು.

ಕಣ್ಣು ತಗೊಳ್ಳಾಕ ಬಂದವರು ಬರೇ ಕಣ್ಣು ಕೇಳಂಗಿಲ್ರಿ. ವಯಸ್ಸೆಷ್ಟು, ಯಾತರಿಂದ ಹೋದ್ರು, ಎಷ್ಟೊತ್ತಾತು, ಕಾಮಾಲಿ ಆಗಿತ್ತೇನು, ರಕ್ತದ ಕ್ಯಾನ್ಸರ್ ಇತ್ತೇನು, ನಾಯಿ ಕಡದಿತ್ತೇನು, ಎಲ್ಲಾ ಕೇಳ್ತಾರ. ರಕ್ತ ತಗೊಂಡು ಎಚ್‌ಐವಿ, ಹೆಪಟೈಟಿಸ್ ನೋಡ್ತಾರ. ಆದ್ರ ಹುಚ್ಚನಾಯಿ ರೋಗ ಆ ಪರೀಕ್ಷೆದಾಗ ತಿಳಿಯಂಗಿಲ್ಲ. ಕಾರ್ನಿಯಾದಿಂದ ಆ ರೋಗ ಹತ್ತಿ ಸತ್ತವರೂ ಅದಾರ. ಅಲ್ಲೆ ಮನಿಯವರ ಮಾತ ಆಧಾರ.

ನಮ್ಮತ್ತಿಯವರು 81ರಾಗ ಹೋದ್ರು. ಆರು ತಾಸಿನೊಳಗ ಕಣ್ಣು ತಗೋಬೇಕು. ಫೋನ್ ಮಾಡಿ, ಫ್ಯಾನ್ ಬಂದ್ ಮಾಡಿ, ಮುಚ್ಚಿದ ಕಣ್ಣಿನ ಮ್ಯಾಲೆ ಹಸಿ ಹತ್ತಿ ಇಟ್ಟೆ. ಗ್ವಾಡಿಗೆ ಕುಂದ್ರಸೂಕಿಂತ ಮೊದಲ ಅವರು ಬಂದ್ರು. ಸಕ್ಕರಿ ರೋಗ ಇತ್ತು, ಪೊರಿ ಆಪರೇಶನ್ ಆಗಿತ್ತು, ಎರಡೂ ಹೇಳಿದೆ. ಅದಕ್ಕ ದಾನ ತಪ್ಪಂಗಿಲ್ಲ ಅಂದ್ರು. ಆಮ್ಯಾಲೆ ಇನ್ನೊಂದು ಕೇಳಿದ್ರು: "ಹಾಕಾಕ ಬರಲಿಲ್ಲಂದ್ರ ಸಂಶೋಧನಾಕ್ಕ ತಗೋಬಹುದೇನ್ರಿ?"

ಮೈದುನ ಸಿಟ್ಟಾದ. "ಯಾರಿಗರೆ ಹಾಕ್ಲಿ, ಪರೀಕ್ಷೆಗೆ ಬ್ಯಾಡ. ಅವ್ವನ ಜಡ್ಡು ಮಂದಿಗೆ ಯಾಕ ಹೇಳಬೇಕ, ವೈನಿ?" ಅಂದ. ಬಂದವರು ಸಮಾಧಾನದಿಂದ ಹೇಳಿದ್ರು. ಕಾರ್ನಿಯಾದ ಒಳಪದರಿನ ಜೀವಕೋಶ ವಯಸ್ಸಾದಂಗ ಕಡಿಮಿ ಆಗ್ತಾವ, ಹೊಸಾವು ಹುಟ್ಟಂಗಿಲ್ಲ. ಅವನ್ನ ಎಣಿಸಿ, ವಯಸ್ಸು, ಜಡ್ಡು ಜೋಡಿಸಿ ನೋಡಿದ್ರ ಎಂಥಾ ಕಣ್ಣು ಭಾಳ ವರ್ಷ ಬಾಳತೈತಿ ಅಂತ ತಿಳೀತೈತಿ. ಸಂಶೋಧನಾದ ಕಾಗದದಾಗ ಹೆಸರಿರಂಗಿಲ್ಲ, ನಂಬರ್ ಇರತೈತಿ. ನಮ್ಮ ಮನಿಯವ್ರು ನನ್ನ ಮಾರಿ ನೋಡಿದ್ರು, ನಾ ಹೂಂ ಅಂದೆ. ಅವರು ಸಹಿ ಮಾಡಿದ್ರು.

ಮುಂದ ತಿಳೀತು, ಜೀವಕೋಶ ಕಡಿಮಿ ಇದ್ದು, ಎರಡೂ ಸಂಶೋಧನಾಕ್ಕ ಹೋದ್ವಂತ. ಮೈದುನ ವಾರತನಕ ಮಾತಾಡಲಿಲ್ಲ. ಯಾರಿಗರೆ ಕಾಣಿಸಿದ್ರ ಛಲೋ ಇತ್ತು ಅಂತ ನನಗೂ ಅನಸ್ತು. ಆದ್ರ ಒಬ್ಬರಿಗೆ ಹಾಕಿದ ಕಣ್ಣು ಒಬ್ಬರಿಗೆ. ಡಾಕ್ಟರ್ ಮಂದಿ ಕಲ್ತದ್ದು ಮುಂದ ಎಷ್ಟು ಮಂದಿಗೆ ಮುಟ್ಟತೈತೋ ಯಾರಿಗೆ ಗೊತ್ತು!

ಜಡ್ಡು ಅನ್ನೂದು ಮಾನ ಹೋಗೂ ಮಾತಲ್ಲ. ಗುಳಿಗಿ ಚೀಟಿ, ರಿಪೋರ್ಟು ಎಲ್ಲಾ ರೇಶನ್ ಕಾರ್ಡಿನ ಜೋಡಿ ಒಂದ ಚೀಲದಾಗ ಇಡ್ರಿ. ಕಣ್ಣು ಕೊಡೂದೇನು, ಸಂಶೋಧನಾಕ್ಕೂ ಒಪ್ಪಿಗಿ ಐತೇನು ಅಂತ ಹಿರ್ಯಾರನ್ನ ಈಗ ಕೇಳಿಟ್ಕೋರಿ. ಅಳೂ ಹೊತ್ತಿನಾಗ ಇಂಥಾ ಮಾತು ಯಾರಿಗೂ ಬಗೀಹರಿಯಂಗಿಲ್ಲ.