ಗುಂಡನಿಗೆ ಪಾಠ

ನಮ್ಮ ಮನೆಗೆ ಡ್ಯಾಶುಂಡ್ ಜಾತಿಯ ನಾಯಿಮರಿಯೊಂದು ಬಂದು ಐದು ತಿಂಗಳಾಯಿತು. ಗೇಣುದ್ದದ ಕಾಲು, ಮೊಳದುದ್ದದ ಮೈ, ಇವೆರಡಕ್ಕೂ ಮೀರಿದ ಹಠ. ನನ್ನ ಪತ್ನಿ ಅದಕ್ಕೆ ಗುಂಡ ಎಂದು ಹೆಸರಿಟ್ಟಳು. 'ಮೂವತ್ತು ವರ್ಷ ಮಕ್ಕಳನ್ನು ತಿದ್ದಿದ ಮೇಷ್ಟ್ರಿಗೆ ಒಂದು ಮರಿ ಯಾವ ಲೆಕ್ಕ' ಎಂದು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ನಕ್ಕ. ಮಕ್ಕಳಿಗೆ ಕನಿಷ್ಠ ಪರೀಕ್ಷೆಯ ಭಯವಾದರೂ ಇರುತ್ತಿತ್ತಷ್ಟೆ.

ಈ ಹಠಕ್ಕೊಂದು ಚರಿತ್ರೆಯಿದೆ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ, 'ಹುಂಡ್' ಎಂದರೆ ನಾಯಿ. ಬಿಲದೊಳಗೆ ನುಗ್ಗಿ ಆ ಪ್ರಾಣಿಯನ್ನು ಎದುರಿಸಲೆಂದೇ ಬೆಳೆಸಿದ ತಳಿಯಿದು. ನೆಲದೊಳಗಿನ ಕತ್ತಲಲ್ಲಿ ಯಜಮಾನನ ಆಜ್ಞೆ ಕೇಳಿಸುವುದಿಲ್ಲ. ಮುಂದುವರಿಯುವುದೋ ಹಿಂಜರಿಯುವುದೋ ಎಂಬುದನ್ನು ನಾಯಿಯೇ ನಿರ್ಧರಿಸಬೇಕು. ಅಂಥ ಸ್ವಂತ ಬುದ್ಧಿಯವನ್ನೇ ಆರಿಸಿ ತಲೆತಲಾಂತರದಿಂದ ಬೆಳೆಸಿ, ಈಗ ನಮ್ಮ ಮಾತು ಕೇಳುತ್ತಿಲ್ಲವೆಂದು ದೂರುವುದು ಯಾವ ನ್ಯಾಯ? 1972ರ ಮ್ಯೂನಿಕ್ ಒಲಿಂಪಿಕ್ಸಿನ ಲಾಂಛನವಾದ ವಾಲ್ಡಿ ಇದೇ ಜಾತಿಯದು. ಈ ಸಂಗತಿಯನ್ನು ಹೇಳಿದ ಮೇಲೆ ಪತ್ನಿಗೆ ಗುಂಡನ ಮೇಲಿನ ಗೌರವ ತುಸು ಹೆಚ್ಚಿತು.

ಮೂತ್ರ ವಿಸರ್ಜನೆಯ ಶಿಕ್ಷಣದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮರಿಗಳು ಎದ್ದೊಡನೆ, ಉಂಡೊಡನೆ, ಆಡಿ ಮುಗಿಸಿದೊಡನೆ ಅವನ್ನು ಹಿತ್ತಿಲಿಗೆ ಒಯ್ಯಬೇಕು. ಕೆಲಸ ಮುಗಿದ ಮರುಕ್ಷಣವೇ, ಅಲ್ಲಿಯೇ, ತಿನಿಸು ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನವೆಂದು ಅದು ತಿಳಿಯುತ್ತದೆ. ಬಿ.ಎಡ್. ಓದುವಾಗ ಬಾಯಿಪಾಠ ಮಾಡಿದ್ದ ಥಾರ್ನ್‌ಡೈಕನ ಪರಿಣಾಮ ನಿಯಮವು ಹಿತ್ತಿಲಿನ ದಾಸವಾಳದ ಗಿಡದ ಬುಡದಲ್ಲಿ ಮತ್ತೆ ಭೇಟಿಯಾಯಿತು.

ನಮ್ಮ ಮನೆಯಲ್ಲಿ ನಿಜವಾದ ಚಿಂತೆ ಹುಟ್ಟಿದ್ದು ತೆಂಗಿನ ಚಿಪ್ಪಿನಿಂದ. ಚಿಪ್ಪು ಬಾಯಿಗೆ ಸಿಕ್ಕಿತೆಂದರೆ ಗುಂಡ ಮೇಜಿನಡಿ ಸೇರಿ, ಹತ್ತಿರ ಸುಳಿದವರಿಗೆಲ್ಲ ಗುರ್ರೆನ್ನತೊಡಗಿದ. ಏಪ್ರಿಲ್ ರಜೆಗೆ ನಾಲ್ಕು ವರ್ಷದ ಮೊಮ್ಮಗಳು ಬರುವವಳಿದ್ದಾಳೆ. 'ಅಷ್ಟರೊಳಗೆ ಗುರುಗುಟ್ಟುವುದು ನಿಲ್ಲದಿದ್ದರೆ ಮರಿಯನ್ನು ಬೇರೆಯವರಿಗೆ ಕೊಡಿ, ಇಲ್ಲವೇ ನಾವು ಬರುವುದಿಲ್ಲ' ಎಂದು ಸೊಸೆ ಸ್ಪಷ್ಟವಾಗಿ ತಿಳಿಸಿದಳು. ತಾಯಿಯಾದವಳು ಹಾಗೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

'ಎರಡು ಏಟು ಕೊಡು, ಎಲ್ಲ ಸರಿಹೋಗುತ್ತದೆ' ಎಂಬುದು ನಮ್ಮಣ್ಣನ ತೀರ್ಪು. ಅಣ್ಣನು ಮುನಿಸಿಕೊಳ್ಳಬಾರದು, ಈ ವಾದವನ್ನು ನಾನು ಉಪಾಧ್ಯಾಯರ ಕೊಠಡಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಗುರುಗುಟ್ಟುವಿಕೆ ಎಚ್ಚರಿಕೆಯ ಗಂಟೆ. ಅದಕ್ಕೆ ಏಟು ಬಿದ್ದರೆ ನಾಯಿ ಗಂಟೆ ಬಾರಿಸುವುದನ್ನು ಬಿಡುತ್ತದೆಯೇ ಹೊರತು ಒಳಗಿನ ಆತಂಕವನ್ನಲ್ಲ. ಆಮೇಲೆ ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ. ಏಟು ತಿಂದ ನಾಯಿಯ ಮುಖ ಪಶ್ಚಾತ್ತಾಪದಿಂದ ಸಪ್ಪಗಾಗುತ್ತದಲ್ಲ ಎನ್ನುವವರಿಗೆ 2009ರಲ್ಲಿ ಪ್ರಕಟವಾದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರ ಪ್ರಯೋಗವೇ ಉತ್ತರ. ನಾಯಿ ತಪ್ಪು ಮಾಡಿರಲಿ ಬಿಡಲಿ, ಯಜಮಾನ ಗದರಿದಾಗ ಆ ಮುಖ ಬರುತ್ತದೆಂದು ಅವರು ಕಂಡುಕೊಂಡರು. ಕೊನೆಯ ಬೆಂಚಿನಲ್ಲಿ ನಾನು ಕಂಡ ಎಷ್ಟೋ ಸಪ್ಪೆ ಮುಖಗಳು ನೆನಪಾದವು.

ಆದ್ದರಿಂದ ಕಸಿದುಕೊಳ್ಳುವುದನ್ನು ಬಿಟ್ಟು ವಿನಿಮಯ ಪದ್ಧತಿಯನ್ನು ಹಿಡಿದೆವು. ಮೊದಲ ವಾರ ಚಿಪ್ಪಿಗೆ ಕೈ ಹಾಕಲೇ ಇಲ್ಲ. ಗುಂಡ ಗುರುಗುಟ್ಟದಷ್ಟು ದೂರದಲ್ಲಿ ನಿಂತು ಪನೀರಿನ ಸಣ್ಣ ಚೂರೊಂದನ್ನು ಎಸೆದು ಹಿಂದಿರುಗುವುದು, ಅಷ್ಟೇ. ದಿನಕ್ಕೆ ಐದಾರು ಬಾರಿ. ಮೆಲ್ಲಮೆಲ್ಲನೆ ದೂರವನ್ನು ಎಂಟಡಿಯಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ ಇಳಿಸಿದೆವು. ಮನುಷ್ಯ ಹತ್ತಿರ ಬಂದರೆ ನಷ್ಟವಿಲ್ಲ, ಲಾಭವಿದೆ ಎಂಬ ಲೆಕ್ಕ ಗುಂಡನ ತಲೆಗೆ ಹತ್ತಲು ಮೂರು ವಾರ ಹಿಡಿಯಿತು. ಆಮೇಲೆ 'ಬಿಡು' ಎಂದು ಹೇಳಿ ಪನೀರು ತೋರಿಸಿದರೆ ಚಿಪ್ಪನ್ನು ಬಿಡತೊಡಗಿದ. ಹಲವು ಸಲ ಚಿಪ್ಪನ್ನು ಮರಳಿ ಅವನಿಗೇ ಕೊಟ್ಟೆವು. ಕೊಟ್ಟದ್ದು ಹಿಂದಿರುಗುತ್ತದೆಂಬ ನಂಬಿಕೆ ಬಾರದೆ ಯಾರು ತಾನೆ ಕೊಟ್ಟಾರು? ಪನೀರಿನ ಬದಲು ಕೈಗೆ ಸಿಕ್ಕಿದ್ದನ್ನು ಕೊಡುವವರಿಗೆ ಒಂದು ಮಾತು: ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ನಾಯಿಗೆ ವಿಷ. ಈ ಜಾತಿಯ ಉದ್ದ ಬೆನ್ನಿನ ಮೂಳೆಗಳ ನಡುವಣ ಬಿಲ್ಲೆಗಳು ಬೇಗ ಕೆಡುವುದರಿಂದ ಸೋಫಾದಿಂದ ಜಿಗಿಯಲು ಬಿಡಬಾರದು, ಹೊಟ್ಟೆ ತುಂಬ ತಿನ್ನಿಸಿ ತೂಕ ಹೆಚ್ಚಿಸಲೂಬಾರದು. ಎತ್ತುವಾಗ ಎದೆಗೊಂದು, ಹಿಂಭಾಗಕ್ಕೊಂದು ಕೈ ಕೊಡಬೇಕು.

ಈಗ ಪತ್ನಿ ಅಥವಾ ನಾನು ಹತ್ತಿರ ಹೋದರೆ ಗುಂಡನ ಬಾಲ ಆಡುತ್ತದೆ. ಹಾಲಿನವನು ಬಂದಾಗ ಹಳೆಯ ರಾಗವೇ. ಮಗುವಿನ ವಿಷಯದಲ್ಲಿ ಮಾತ್ರ ನಾಯಿಯ ಶಿಕ್ಷಣವೊಂದನ್ನೇ ನೆಚ್ಚಿಕೊಳ್ಳುವ ಧೈರ್ಯ ನನಗಿಲ್ಲ. ಅವನು ತಿನ್ನುವಾಗಲೂ ಮಲಗಿರುವಾಗಲೂ ಮಗು ಹತ್ತಿರ ಹೋಗಕೂಡದು. ಇಬ್ಬರೂ ಒಟ್ಟಿಗಿರುವಾಗ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಸೊಸೆ ಇದಕ್ಕೊಪ್ಪಿ ರೈಲಿನ ಟಿಕೆಟ್ ಕಾಯ್ದಿರಿಸಿದ್ದಾಳೆ. ಗುಂಡನ ಊಟ ಇನ್ನು ಮುಂದೆ ಅಡುಗೆಮನೆಯೊಳಗೆ, ಬಾಗಿಲಿಗೆ ಮರದ ತಡಿಕೆ. ಬಡಗಿ ನಿನ್ನೆ ಅಳತೆ ತೆಗೆದುಕೊಂಡು ಹೋದ. ಗುಂಡನಿಗೆ ಒಂದೂವರೆ ಅಡಿ ಧಾರಾಳವಾಗಿ ಸಾಕಿತ್ತು. ಮೊಮ್ಮಗಳು ಹತ್ತುವುದರಲ್ಲಿ ನಿಪುಣೆಯಾದ್ದರಿಂದ ಮೂರೂವರೆ ಅಡಿಗೆ ಹೇಳಿದ್ದೇನೆ.