ಹುರಿಗಡಲೆ ಮತ್ತು ಗ್ರಾಫ್ ಹಾಳೆ

ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಮನಶ್ಶಾಸ್ತ್ರ ಕಲಿಸಿದವಳು ನಾನು. ನಿವೃತ್ತಿಯ ದಿನ ಕೈಚೀಲ ಖಾಲಿ ಮಾಡಿದಾಗ ಹೊರಬಂದದ್ದು ಮೂರೇ ವಸ್ತು: ಒಂದು ಸ್ಟಾಪ್‌ವಾಚು, ಮಡಿಸಿ ಮಡಿಸಿ ಅಂಚು ಹರಿದ ಗ್ರಾಫ್ ಹಾಳೆಗಳು, ಒಂದು ಪೊಟ್ಟಣ ಹುರಿಗಡಲೆ. "ಇದೇನ್ ಮೇಡಂ, ಲ್ಯಾಬೋ ಅಂಗಡಿಯೋ?" ಎಂದು ಅಟೆಂಡರ್ ನಕ್ಕ. ನಮ್ಮ ವಿದ್ಯೆಗೆ ಎರಡೂ ಬೇಕು.

ಆ ವಿದ್ಯೆಯ ಹೆಸರು ಆನ್ವಯಿಕ ವರ್ತನಾ ವಿಶ್ಲೇಷಣೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಮಗು ಏನು ಮಾಡಿತು, ಅದಕ್ಕೆ ಮುಂಚೆ ಏನಾಗಿತ್ತು, ಮಾಡಿದ ಮೇಲೆ ಅದಕ್ಕೆ ಏನು ಸಿಕ್ಕಿತು, ಇಷ್ಟನ್ನು ಎಣಿಸಿ ಬರೆದುಕೊಳ್ಳುವುದು. ಆಮೇಲೆ ಸಿಗುವುದನ್ನು ಬದಲಿಸಿ, ಮಾಡುವುದು ಬದಲಾಗುತ್ತದೋ ನೋಡುವುದು. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಕಂಡದ್ದನ್ನು ಅವರ ಹಿಂದೆ ಬಂದವರು ಮಕ್ಕಳ ಬಳಿಗೆ ತಂದರು. 1968ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಪತ್ರಿಕೆಯೂ ಹುಟ್ಟಿತು.

ಪ್ರತಿ ವರ್ಷ ಮೊದಲ ಪಾಠಕ್ಕೆ ನಾನು ಹೇಳುತ್ತಿದ್ದದ್ದು ಡಿಕಿ ಎಂಬ ಹುಡುಗನ ಕಥೆ. ವಾಷಿಂಗ್ಟನ್ ರಾಜ್ಯದ ಆಸ್ಪತ್ರೆಯೊಂದರಲ್ಲಿದ್ದ ಮೂರೂವರೆ ವರ್ಷದ ಮಗು. ಪೊರೆ ಬಂದು ಶಸ್ತ್ರಚಿಕಿತ್ಸೆ ಆಗಿತ್ತು; ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುತ್ತದೆ ಎಂದಿದ್ದರು ವೈದ್ಯರು. ಮಗು ಕನ್ನಡಕವನ್ನು ಮುಖದ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಮಾಂಟ್ರೋಸ್ ವುಲ್ಫ್ ಮತ್ತು ಸಂಗಡಿಗರು ಗಾಜಿಲ್ಲದ ಬರಿಯ ಚೌಕಟ್ಟುಗಳನ್ನು ಕೋಣೆಯಲ್ಲಿಟ್ಟರು. ಎತ್ತಿಕೊಂಡರೆ ಒಂದು ಚೂರು ತಿಂಡಿ, ಹಿಡಿದುಕೊಂಡರೆ ಒಂದು ಚೂರು, ಕಣ್ಣಿನತ್ತ ತಂದರೆ ಇನ್ನೊಂದು. ಸಿಹಿ, ಹಣ್ಣುಗಳಿಗೆ ಮಗು ಅಷ್ಟಾಗಿ ಸೊಪ್ಪು ಹಾಕದಿದ್ದಾಗ ಬೆಳಗಿನ ಉಪಾಹಾರವನ್ನೇ ತುತ್ತು ತುತ್ತಾಗಿ ಹೀಗೆ ಕೊಟ್ಟರು. ಕೊನೆಗೆ ಡಿಕಿ ದಿನಕ್ಕೆ ಹನ್ನೆರಡು ಗಂಟೆ ಕನ್ನಡಕ ಹಾಕಿಕೊಂಡಿರುತ್ತಿದ್ದ. ಇದು 1964ರಲ್ಲಿ ಪ್ರಕಟವಾಯಿತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಸಿದ ಮಗುವಿಗೆ ಹೀಗೆ ಮಾಡೋದು ಸರೀನಾ ಮೇಡಂ?" ಎಂದಳು. "ಕಣ್ಣು ಹೋಗೋದು ಸರೀನಾ?" ಎಂದೆ. ತರಗತಿ ನಕ್ಕಿತು. ಅವಳು ಕೂತುಬಿಟ್ಟಳು. ಆಗ ನನಗೆ ನನ್ನ ಉತ್ತರದ ಬಗ್ಗೆ ಹೆಮ್ಮೆಯೇ ಇತ್ತು.

ಭಾನುವಾರಗಳಂದು ನಂಜನಗೂಡಿನ ಕಡೆಯ ಹಳ್ಳಿಯೊಂದಕ್ಕೆ ನಾಲ್ಕಾರು ವಿದ್ಯಾರ್ಥಿಗಳೊಡನೆ ಹೋಗುತ್ತಿದ್ದೆ. ಶಾಲೆಯ ಜಗಲಿಯೇ ನಮ್ಮ ಕ್ಲಿನಿಕ್ಕು. ಬುದ್ಧಿ ಬೆಳೆಯದ ಮಕ್ಕಳು, ಮಾತು ಬಾರದ ಮಕ್ಕಳು, ಅವರನ್ನು ಸೊಂಟದ ಮೇಲೆ ಹೊತ್ತು ತಂದ ತಾಯಂದಿರು. ಚಡ್ಡಿ ಹಾಕಿಕೊಳ್ಳುವುದನ್ನು ಹಿಂದಿನಿಂದ ಮುಂದಕ್ಕೆ ಕಲಿಸುತ್ತಿದ್ದೆವು. ಎಲ್ಲವನ್ನೂ ಅಮ್ಮ ಮಾಡಿ, ಕೊನೆಯ ಒಂದು ಎಳೆತ ಮಾತ್ರ ಮಗುವಿಗೆ. ಎಳೆದರೆ ನಾಲ್ಕು ಹುರಿಗಡಲೆ, ಒಂದು ಭಲೇ. ಅದು ಬಂದ ಮೇಲೆ ಮಂಡಿಯಿಂದ, ಆಮೇಲೆ ಪಾದದಿಂದ. ಹೀಗಾದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ. ಪ್ರಬಂಧಗಳನ್ನೇನೋ ನಾನೂ ಒಂದಷ್ಟು ಬರೆದೆ. ಅವು ಈಗ ಎಲ್ಲಿವೆಯೋ. ಆ ಚಡ್ಡಿಗಳು ಮಾತ್ರ ಚೆನ್ನಾಗಿ ನೆನಪಿವೆ.

1986ರಲ್ಲಿ ಆರು ವರ್ಷದ ಹುಡುಗನೊಬ್ಬ ಬಂದ. ಮಾತಿಲ್ಲ. ಅಂಗೈಯಿಂದ ತಲೆಗೆ ಹೊಡೆದುಕೊಳ್ಳುತ್ತಿದ್ದ. ಎಣಿಸಿದೆವು: ಗಂಟೆಗೆ ನಲವತ್ತರ ಆಸುಪಾಸು. ಹೊಡೆದುಕೊಂಡಾಗಲೆಲ್ಲ ಅಮ್ಮ ಓಡಿಬಂದು ಎತ್ತಿಕೊಳ್ಳುತ್ತಿದ್ದಳು. ನನಗೆ ಎಲ್ಲವೂ ಸ್ಪಷ್ಟವಾಗಿತ್ತು. ಎತ್ತಿಕೊಳ್ಳುವುದೇ ಪುನರ್ಬಲನ, ಅದನ್ನು ನಿಲ್ಲಿಸಬೇಕು. "ಹೊಡ್ಕೊಂಡಾಗ ಎತ್ಕೋಬೇಡಿ, ಆ ಕಡೆ ನೋಡಲೂಬೇಡಿ. ಮೊದಲು ಜಾಸ್ತಿ ಆಗುತ್ತೆ, ಆಮೇಲೆ ಇಳಿಯುತ್ತೆ, ಧೈರ್ಯವಾಗಿರಿ" ಎಂದೆ.

ಜಾಸ್ತಿಯಾಯಿತು. ನಿಜ ಹೇಳಬೇಕೆಂದರೆ ಗ್ರಾಫಿನ ಗೆರೆ ಪಠ್ಯಪುಸ್ತಕದಲ್ಲಿದ್ದಂತೆಯೇ ಏರಿದ್ದು ನೋಡಿ ನನಗೆ ಸಂತೋಷವೇ ಆಯಿತು. ಮೂರನೆಯ ಭಾನುವಾರವೂ ಅದು ಇಳಿದಿರಲಿಲ್ಲ. ಕಂಬಕ್ಕೊರಗಿ ಎಲೆ ಅಡಿಕೆ ಜಗಿಯುತ್ತಿದ್ದ ಹುಡುಗನ ಅಜ್ಜಿ, "ನೀವು ಬರೀತಾನೇ ಇರಿ ಕನವ್ವ. ಮಗ ಒಂದೇ ಕಡೀಕೆ ಹೊಡ್ಕತದೆ, ಅದ ನೋಡಿದ್ರಾ?" ಎಂದಳು.

ನೋಡಿರಲಿಲ್ಲ. ನಮ್ಮ ಹಾಳೆಯಲ್ಲಿ ಎಷ್ಟು ಸಲ ಎಂಬುದಕ್ಕೆ ಕಾಲಮ್ ಇತ್ತು, ಎಲ್ಲಿ ಎಂಬುದಕ್ಕೆ ಇರಲಿಲ್ಲ. ಎಡಗಿವಿಯ ಹತ್ತಿರ ಮೂಗು ತಂದರೆ ವಾಸನೆ ಬರುತ್ತಿತ್ತು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಬ್ಯಾಟರಿ ಬಿಟ್ಟು ನೋಡಿ, ಒಳಗೆಲ್ಲ ಕೀವು ಎಂದರು. ಔಷಧಿಯಾದ ಮೇಲೆ ಹೊಡೆತ ಬಹುಮಟ್ಟಿಗೆ ನಿಂತಿತು. ಅಷ್ಟಿಷ್ಟು ಉಳಿದದ್ದು ಅಮ್ಮನನ್ನು ಕರೆಯಲಿಕ್ಕೇ ಇರಬೇಕು. ಅದಕ್ಕೆ ಸೆರಗು ಎಳೆದು ಕರೆಯುವುದನ್ನು ಕಲಿಸಿದೆವು.

ಔಷಧಿ ಚೀಟಿ ಹಿಡಿದು ಬಸ್ಸಿಗೆ ಕಾಯುವಾಗ ಆ ತಾಯಿ ಹೇಳಿದ್ದಿಷ್ಟೇ: "ನೀವು ಹೇಳಿದ್ರಿ ಅಂತ ಮೂರು ವಾರ ಎತ್ಕಂಡಿಲ್ಲ ಮೇಡಂ." ದೂರಿನ ದನಿಯಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿದಳು.

ಬಾಲ್ಟಿಮೋರಿನಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು, ಮಕ್ಕಳು ತಮ್ಮನ್ನು ತಾವೇ ನೋಯಿಸಿಕೊಳ್ಳುವುದಕ್ಕೆ ಕಾರಣ ಒಬ್ಬೊಬ್ಬರಲ್ಲಿ ಒಂದೊಂದು ಎಂದು 1982ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ನಾನು ಅದನ್ನು ಓದಿದ್ದು 1994ರಲ್ಲಿ ಅದು ಮರುಮುದ್ರಣವಾದಾಗ. ಕಿವಿಯ ಸೋಂಕಿಗೂ ಇಂಥ ಹೊಡೆತಕ್ಕೂ ಇರುವ ನಂಟಿನ ಬಗ್ಗೆ 1997ರಲ್ಲಿ ಅದೇ 1968ರ ಪತ್ರಿಕೆಯಲ್ಲಿ ಲೇಖನ ಬಂತು. ಅಜ್ಜಿ ಅದಕ್ಕೂ ಹನ್ನೊಂದು ವರ್ಷ ಮುಂದಿದ್ದಳು. ಇಂದು ಆಟಿಸಂ ಇರುವ ವಯಸ್ಕರೇ ಎದ್ದು, ಈ ವಿದ್ಯೆ ತಮ್ಮ ಬಾಲ್ಯದಲ್ಲಿ ತಮಗೇನು ಮಾಡಿತು ಎಂದು ಬರೆಯುತ್ತಿದ್ದಾರೆ. ಒಂದು ಕಾಲದಲ್ಲಿ ಮಕ್ಕಳಿಗೆ ಏಟು, ವಿದ್ಯುತ್ ಶಾಕ್ ಕೊಟ್ಟದ್ದೂ ಉಂಟು. ನನ್ನ ಸಹೋದ್ಯೋಗಿಗಳು ಕೆಲವರಿಗೆ ಈ ಟೀಕೆಗಳು ಬೇಸರ. ನನಗೆ ಆ ಹಿಂದಿನ ಬೆಂಚಿನ ಹುಡುಗಿ ನೆನಪಾಗುತ್ತಾಳೆ.

ಡಿಕಿಯ ಕಥೆಯನ್ನು ಆಮೇಲೂ ಹೇಳಿದೆ. ಹೇಳಿ ಮುಗಿಸಿ, ಯಾರಾದರೂ ಏಳುತ್ತಾರೋ ಎಂದು ಕಾಯುತ್ತಿದ್ದೆ.

ಕೈಚೀಲದ ಹಾಳೆಗಳಲ್ಲಿ ಆ ಹುಡುಗನದೂ ಒಂದಿದೆ. ಮೂರು ವಾರ ಏರಿದ ಗೆರೆ. ಅದರ ಪಕ್ಕದ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ ಒಂದು ಪದ: "ನಿರೀಕ್ಷಿತ."